ಅರ್ಧ ಇಂಚಿನ ಸ್ಕ್ರೂ

ಗೇಟಿನ ಹತ್ತಿರ ನಿಂತು ಸ್ವಲ್ಪ ಹೊತ್ತು ಮನೆಯನ್ನೇ ನೋಡಿದೆ. ಮೈಸೂರಿನ ಹಳೆಯ ಬಡಾವಣೆಯೊಂದರ ಒಳಬೀದಿ. ಮನೆಯ ಮುಂಭಾಗಕ್ಕೆ ಮದ್ರಾಸ್ ತಾರಸಿ, ಹಿಂಭಾಗಕ್ಕೆ ಮಂಗಳೂರು ಹಂಚು. ಎರಡು ಮೆಟ್ಟಿಲು ಹತ್ತಿದರೆ ಕೆಂಪು ಗಾರೆಯ ಜಗಲಿ. ಕಳ್ಳತನವಾಗಿ ಎರಡು ತಿಂಗಳಾಗಿದೆ. ಹೊರಗಿನಿಂದ ನೋಡಿದರೆ ಇಲ್ಲಿ ಏನೋ ನಡೆದಿದೆ ಎಂದು ಯಾರೂ ಹೇಳಲಾರರು. ರಿಪೇರಿ ಇನ್ನೂ ಮುಗಿದಿರಲಿಲ್ಲ. "ಬಣ್ಣ ಬಳಿಯೋಕೆ ಮುಂಚೆ ಬಂದು ನೋಡಿ, ಆಮೇಲೆ ಏನೂ ಗೊತ್ತಾಗಲ್ಲ" ಎಂದು ಯಜಮಾನರು ಫೋನಿನಲ್ಲಿ ಹೇಳಿದ್ದರು. ಅದಕ್ಕೇ ಹೋದೆ.

ಗೇಟಿಗೆ ಒಂದು ಬಟ್ಟೆಯ ಚೀಲ ನೇತುಹಾಕಿದೆ, ಹಾಲಿನ ಪ್ಯಾಕೆಟ್ಟಿಗೆ. ಎಪ್ಪತ್ತು ದಾಟಿದ ದಂಪತಿ ಮೂರು ದಿನ ನೆಂಟರ ಮದುವೆಗೆ ಹೋಗಿದ್ದಾಗ ಈ ಚೀಲ ತುಂಬಿಕೊಂಡಿತ್ತು, ಪತ್ರಿಕೆಗಳು ಜಗಲಿಯ ಮೇಲೆ ಹಾಗೇ ಬಿದ್ದಿದ್ದವು. ಹಾಲಿನವನಿಗೆ ಹೇಳಿ ಹೋಗುವುದು ಮರೆತಿದ್ದರು. ಮನೆಯಲ್ಲಿ ಯಾರೂ ಇಲ್ಲ ಎಂದು ಗೇಟೇ ಹೇಳುತ್ತಿತ್ತು. ಜಗಲಿಯ ಮೂಲೆಯಲ್ಲಿ ಒಂದು ಕ್ಯಾಮೆರಾ ಇದೆ. ಅದು ನೋಡುವುದು ಗೇಟನ್ನು ಮಾತ್ರ. ಬಂದವರು ಗೇಟಿನಿಂದ ಬಂದರೇ ಅಥವಾ ಪಕ್ಕದ ಖಾಲಿ ಸೈಟಿನಿಂದ ಗೋಡೆ ಹಾರಿದರೇ ಎಂಬುದು ನಾನು ವಿಚಾರಿಸಿದ ಯಾರಿಗೂ ಖಚಿತವಿಲ್ಲ. ಕ್ಯಾಮೆರಾದಲ್ಲಂತೂ ಏನೂ ಸಿಕ್ಕಿಲ್ಲ.

ಮುಂಬಾಗಿಲು ತೇಗದ್ದು, ಎರಡು ರೆಕ್ಕೆಯದು. ಹೊರಗೆ ಉದ್ದನೆಯ ಆಲ್‌ಡ್ರಾಪ್, ಅದಕ್ಕೆ ಅಂಗೈಯಗಲದ ಬೀಗ. ಬಗ್ಗಿ ನೋಡಿದೆ. ಆಲ್‌ಡ್ರಾಪಿನ ಕೆಳಗೆ ಮರ ಎರಡು ಕಡೆ ಜಜ್ಜಿದೆ, ಕಬ್ಬಿಣದ ರಾಡು ತೂರಿಸಿ ಮೀಟಿದ ಗುರುತು. ಆಲ್‌ಡ್ರಾಪ್ ಸ್ವಲ್ಪ ಬಾಗಿದೆ, ಕಿತ್ತು ಬಂದಿಲ್ಲ. ಬಾಗಿಲು ತೆಗೆಸಿ ಒಳಮೈ ನೋಡಿದಾಗ ಕಾರಣ ತಿಳಿಯಿತು. ಅದನ್ನು ಸ್ಕ್ರೂ ಹಾಕಿ ಕೂರಿಸಿಲ್ಲ. ಬಾಗಿಲಿನ ಆಚೆಯಿಂದ ಈಚೆಗೆ ಬೋಲ್ಟ್ ತೂರಿಸಿ, ಒಳಗಡೆ ವಾಷರ್ ಇಟ್ಟು ನಟ್ಟು ಬಿಗಿದಿದ್ದಾರೆ. ಯಜಮಾನರ ತಂದೆಯ ಕಾಲದ ಕೆಲಸ. "ಬೀಗ ಹೋದ ವರ್ಷ ತಂದದ್ದು. ಅಂಗಡಿಯಲ್ಲಿ ಇದಕ್ಕಿಂತ ದುಬಾರಿದು ಇರಲಿಲ್ಲ" ಎಂದರು ಅವರು. ಬೀಗದ ಮೇಲೆ ಒಂದು ಗೀರೂ ಇರಲಿಲ್ಲ. ಬಂದವರು ಬೀಗದ ತಂಟೆಗೇ ಹೋಗಿಲ್ಲ. ಅದನ್ನು ಹಿಡಿದುಕೊಂಡಿರುವ ಕಬ್ಬಿಣವನ್ನು ಕೀಳಲು ನೋಡಿದ್ದಾರೆ, ಆಗದಿದ್ದಾಗ ಮನೆಯನ್ನು ಸುತ್ತಿ ಹಿಂದಕ್ಕೆ ಹೋಗಿದ್ದಾರೆ.

ನಾನೂ ಹಾಗೇ ಹಿಂದಕ್ಕೆ ಹೋದೆ. ಮನೆಗೂ ಕಾಂಪೌಂಡಿಗೂ ನಡುವೆ ಒಬ್ಬರು ಹೋಗುವಷ್ಟು ಜಾಗ. ಬೀದಿ ದೀಪ ಇಲ್ಲಿಗೆ ಬೀಳುವುದಿಲ್ಲ. ಮಲಗುವ ಕೋಣೆಯ ಕಿಟಕಿಯ ಸರಳುಗಳು ಮರದ ಚೌಕಟ್ಟಿನೊಳಗೆ ಹೋಗಿ ಕೂತಿವೆ, ಅವುಗಳನ್ನು ಯಾರೂ ಮುಟ್ಟಿಲ್ಲ. ಮುಂದಿನದು ಬಚ್ಚಲಿನ ಕಿಟಕಿ. ಅದಕ್ಕೆ ಈಚೆಗೆ ಹಾಕಿಸಿದ ಗ್ರಿಲ್ಲು ಚೌಕಟ್ಟಿನ ಹೊರಮೈಗೆ ನಾಲ್ಕು ಸ್ಕ್ರೂಗಳ ಮೇಲೆ ನಿಂತಿದೆ. ಸ್ಕ್ರೂ ತಲೆಗಳು ಹೊರಗಡೆಗೇ ಇದ್ದವು. ಸ್ಕ್ರೂಡ್ರೈವರ್ ಹಿಡಿದು ಬಂದ ಯಾರಾದರೂ ನಿಧಾನವಾಗಿ ಬಿಚ್ಚಿಕೊಳ್ಳಬಹುದಿತ್ತು. ಇವರ ಅದೃಷ್ಟ, ಯಾರೂ ಗಮನಿಸಿಲ್ಲ. ವೆಲ್ಡಿಂಗಿನವರು ಈಗ ಸ್ಕ್ರೂ ತಲೆಗಳ ಮೇಲೆ ಬೆಸುಗೆ ಹಾಕಿದ್ದಾರೆ, ಇನ್ನು ಅವು ತಿರುಗುವುದಿಲ್ಲ.

ಹಿತ್ತಲ ಬಾಗಿಲಿನ ಹತ್ತಿರ ಮರದ ಹೊಟ್ಟು ಹರಡಿತ್ತು. ಬಡಗಿ ಅಲ್ಲೇ ಕೂತು ಉಳಿ ಮಸೆಯುತ್ತಿದ್ದರು. ಮನೆಯವರೆಲ್ಲ ಅವರನ್ನು ಆಚಾರ್ರು ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಹಳೆಯ ಬಾಗಿಲು ಗೋಡೆಗೆ ಒರಗಿತ್ತು. ಪ್ಲೈವುಡ್ಡಿನ ಹಗುರ ಬಾಗಿಲು. ಮಳೆಗೆ ಕೆಳಗಿನ ಅಂಚು ಉಬ್ಬಿ ಪದರ ಬಿಟ್ಟಿದೆ. ಮೇಲ್ಗಡೆ ಒಂದು ಟವರ್ ಬೋಲ್ಟು, ನಡುವೆ ಒಂದು ಚಿಲಕ. ಚಿಲಕದಿಂದ ಒಂದು ಗೇಣು ಕೆಳಗೆ ರೂಪಾಯಿ ನಾಣ್ಯದಷ್ಟು ತೂತು. ಹಿಂದೆ ಅಲ್ಲಿ ಒಂದು ಬೀಗವಿತ್ತಂತೆ. ಕೆಟ್ಟಿತೆಂದು ತೆಗೆದವರು ತೂತಿಗೆ ರಟ್ಟು ತುರುಕಿ ಬಿಟ್ಟಿದ್ದರು.

"ಇಲ್ಲಿಂದ ತಂತಿ ಬಿಟ್ಟು ಚಿಲಕ ಎತ್ತಿದ್ದಾರೆ ಸಾರ್" ಎಂದರು ಆಚಾರ್ರು. ಪರಿಶೀಲನೆಗೆ ಬಂದಿದ್ದ ಪೊಲೀಸರು ಹಾಗೆ ಹೇಳಿರಲಿಲ್ಲವಂತೆ, ಭುಜ ಕೊಟ್ಟು ತಳ್ಳಿದ್ದಾರೆ ಎಂದಿದ್ದರಂತೆ. ನಾನು ಎರಡನ್ನೂ ಯೋಚಿಸಿದೆ. ಚಿಲಕ ಸ್ವಲ್ಪವೂ ಸೊಟ್ಟಗಾಗಿಲ್ಲ, ಮೇಲಿನ ಬೋಲ್ಟು ಮಾತ್ರ ಬುಡಸಮೇತ ಕಿತ್ತು ಬಂದಿದೆ. ಹಾಗಾದರೆ ಇಬ್ಬರು ಹೇಳಿದ್ದೂ ನಿಜವಿರಬಹುದು. ಇದಕ್ಕಿಂತ ಹೆಚ್ಚು ಹೇಳುವ ಧೈರ್ಯ ನನಗಿಲ್ಲ.

ತಂತಿಯ ಮಾತು ಬಂದಾಗ ನನಗೆ ಕಾನೂನಿನ ಒಂದು ಪುಟ ನೆನಪಾಯಿತು. 1860ರ ಭಾರತೀಯ ದಂಡ ಸಂಹಿತೆಯ 445ನೇ ಕಲಮು 'ಮನೆ ಒಡೆಯುವುದು' ಎಂದರೇನು ಎಂದು ವಿವರಿಸುತ್ತಾ ಉದಾಹರಣೆಗಳನ್ನು ಕೊಡುತ್ತದೆ. ಗೋಡೆಗೆ ಕನ್ನ ಕೊರೆದು ಕೈ ತೂರಿಸುವುದು ಒಂದು. ಕಿಟಕಿಯಿಂದ ನುಗ್ಗುವುದು ಇನ್ನೊಂದು. ಬಾಗಿಲಿನ ತೂತಿನಿಂದ ತಂತಿ ಹಾಕಿ ಚಿಲಕ ಎತ್ತುವುದು ಮತ್ತೊಂದು. ಮನೆಯವರು ಕಳೆದುಕೊಂಡ ಬೀಗದಕೈ ಸಿಕ್ಕಿ ಅದರಿಂದ ಬಾಗಿಲು ತೆಗೆದರೂ ಅದು ಮನೆ ಒಡೆದಂತೆಯೇ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 330ನೇ ಕಲಮು. ರಾತ್ರಿ ವೇಳೆ ಕಳ್ಳತನಕ್ಕೆಂದು ಮನೆ ಒಡೆದರೆ 331ನೇ ಕಲಮಿನಂತೆ 14 ವರ್ಷದವರೆಗೂ ಶಿಕ್ಷೆ ಆಗಬಹುದು. ನೂರ ಅರವತ್ತು ವರ್ಷದ ಹಿಂದೆಯೇ ಬರೆದಿಟ್ಟ ತೂತು ಈ ಬಾಗಿಲಿನಲ್ಲಿ ರಟ್ಟು ತುರುಕಿಕೊಂಡು ಕೂತಿತ್ತು.

ಆಚಾರ್ರು ಅಂಗೈ ಚಾಚಿದರು. ಅದರ ಮೇಲೆ ಎರಡು ಸ್ಕ್ರೂ. ಒಂದು ಹಳೆಯ ಬೋಲ್ಟಿನದು, ಅರ್ಧ ಇಂಚು ಉದ್ದ, ತುಕ್ಕು ಹಿಡಿದದ್ದು, ಎಳೆಯಲ್ಲಿ ಮರದ ಪುಡಿ ಇನ್ನೂ ಅಂಟಿಕೊಂಡಿತ್ತು. ಇನ್ನೊಂದು ಹೊಸದು, ಮೂರು ಇಂಚಿನದು. "ಬೋಲ್ಟಿನ ಪ್ಯಾಕೆಟ್‌ನಲ್ಲೇ ಚಿಕ್ಕ ಸ್ಕ್ರೂ ಕೊಟ್ಟಿರ್ತಾರೆ. ಹಾಕೋರು ಅದನ್ನೇ ಹಾಕಿ ಹೋಗ್ತಾರೆ. ಮರದೊಳಗೆ ಹೋಗೋದೇ ಇಷ್ಟು" ಎಂದು ಉಗುರಿನ ತುದಿ ತೋರಿಸಿದರು. ನಾನು ಆ ಸಣ್ಣ ಸ್ಕ್ರೂವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದೆ. ಮುಂಬಾಗಿಲಿಗೆ ಅಂಗಡಿಯ ಅತಿ ದುಬಾರಿ ಬೀಗ ಹಾಕಿದ ಮನೆಯನ್ನು ಆ ರಾತ್ರಿ ಕಾಯುತ್ತಿದ್ದದ್ದು ಇಂಥ ನಾಲ್ಕು ಸ್ಕ್ರೂಗಳು.

ಹೊಸ ಬಾಗಿಲು ಗಟ್ಟಿ ಮರದ್ದು. ಅದಕ್ಕಿಂತ ನನಗೆ ಹಿಡಿಸಿದ್ದು ಬಾಗಿಲುವಾಡದ ಕೆಲಸ. ಬೋಲ್ಟು ಕಿತ್ತು ಬರುವಾಗ ಚೌಕಟ್ಟಿನ ನಿಲುವು ಮರ ಒಂದೂವರೆ ಅಡಿಯಷ್ಟು ಸೀಳಿತ್ತು. ಇಡೀ ಚೌಕಟ್ಟು ತೆಗೆಯಬೇಕೆಂದರೆ ಗೋಡೆ ಒಡೆಯಬೇಕು, ಹಳೆಯ ಸುಣ್ಣದ ಗಾರೆ ಉದುರುತ್ತದೆ. ಆಚಾರ್ರು ಸೀಳಿದ ಭಾಗವನ್ನಷ್ಟೇ ಓರೆಯಾಗಿ ಕತ್ತರಿಸಿ ತೆಗೆದು, ಅದೇ ಜಾತಿಯ ಹಳೆಯ ಮರದ ತುಂಡನ್ನು ಅದೇ ಓರೆಗೆ ಕೂರಿಸಿ, ಅಂಟು ಹಾಕಿ, ಉದ್ದನೆಯ ಸ್ಕ್ರೂ ಕೊಟ್ಟಿದ್ದಾರೆ. ಬೆರಳಾಡಿಸಿದರೆ ಕೂಡಿಸಿದ್ದು ಎಲ್ಲಿ ಎಂದು ಗೊತ್ತಾಗುವುದಿಲ್ಲ. ಚೌಕಟ್ಟು ಗೋಡೆಯಿಂದ ಸಡಿಲವಾಗಿದ್ದ ಕಡೆ ಕಬ್ಬಿಣದ ಹಿಡಿಗಳನ್ನು ಹಾಕಿ ಗಾರೆಯವರು ಕಾಂಕ್ರೀಟು ತುಂಬಿದ್ದಾರೆ. ಬೋಲ್ಟು ಹೋಗಿ ಕೂರುವ ಕಡೆಗೆ ದಪ್ಪ ತಗಡಿನ ಪಟ್ಟಿ, ಅದಕ್ಕೆ ಆ ಮೂರಿಂಚಿನ ಸ್ಕ್ರೂಗಳು. ಅವು ಚೌಕಟ್ಟನ್ನು ದಾಟಿ ಗೋಡೆಯೊಳಗೂ ಹೋಗಿವೆ.

ಒಳಗೆ ಕಾಲಿಟ್ಟರೆ ಅಡುಗೆಮನೆ. ಬಾಗಿಲ ಹಿಂದೆ ಖಾಲಿ ಮೊಳೆ. ಹೆಚ್ಚುವರಿ ಬೀಗದಕೈಗಳ ಗೊಂಚಲು ಅಲ್ಲೇ ನೇತಾಡುತ್ತಿತ್ತಂತೆ, ಅದೂ ಹೋಗಿದೆ. ಹಾಗಾಗಿ ಮುರಿಯದೆ ಉಳಿದಿದ್ದ ಆ ದುಬಾರಿ ಬೀಗವೂ ಸೇರಿ ಎಲ್ಲವನ್ನೂ ಬದಲಿಸಬೇಕಾಗಿದೆ. ಕಪಾಟಿನ ಮೇಲೆ ಡಬ್ಬಿಗಳೆಲ್ಲ ಹೊಸದಾಗಿ ಹೊಳೆಯುತ್ತಿದ್ದವು. "ಅಕ್ಕಿ, ಬೇಳೆ, ರವೆ, ಎಲ್ಲಾನೂ ನೆಲಕ್ಕೆ ಸುರಿದಿದ್ದರು" ಎಂದರು ಮನೆಯ ಅಮ್ಮ. ಡಬ್ಬಿಯಲ್ಲಿ ಚಿನ್ನ ಬಚ್ಚಿಡುವ ನಮ್ಮ ಅಭ್ಯಾಸ ನಮಗೆ ಗೊತ್ತಿರುವಷ್ಟೇ ಕಳ್ಳರಿಗೂ ಗೊತ್ತು. ಅಮ್ಮ ಆ ಕಾಳುಗಳನ್ನು ಮತ್ತೆ ಬಳಸಲಿಲ್ಲ. ಬೀರುವಿನಲ್ಲಿದ್ದ ಸೀರೆಗಳನ್ನೂ, ಯಾರೂ ಮುಟ್ಟದ ಹಾಸಿಗೆ ಹೊದಿಕೆಯನ್ನೂ ಒಗೆದರು. ಎರಡು ದಿನ ಬರೀ ಒಗೆದೆ ಎಂದು ಹೇಳುವಾಗ ಅವರ ದನಿ ನಡುಗಿತು. ನಾನು ಏನೂ ಕೇಳದೆ ಮುಂದಕ್ಕೆ ನಡೆದೆ.

ಮಲಗುವ ಕೋಣೆಯಲ್ಲಿ ಕಬ್ಬಿಣದ ಬೀರು. ಬಾಗಿದ್ದ ಬಾಗಿಲನ್ನು ಟಿಂಕರ್ ಕೆಲಸದವರು ಬಡಿದು ನೇರ ಮಾಡಿದ್ದಾರೆ, ಆದರೂ ಮುಚ್ಚುವಾಗ ಕಿರುಗುಟ್ಟುತ್ತದೆ. ಹಿಡಿಯ ಸುತ್ತ ಕಪ್ಪು ಮಸಿಯಂಥ ಕಲೆ, ಬೆರಳಚ್ಚು ತೆಗೆಯಲು ಹಾಕಿದ ಪುಡಿ. ಒದ್ದೆ ಬಟ್ಟೆಯಿಂದ ಒರೆಸಿದ್ದಕ್ಕೆ ಇನ್ನಷ್ಟು ಹರಡಿಕೊಂಡಿದೆ. ಮೊದಲು ಒಣ ಕುಂಚದಿಂದ ಝಾಡಿಸಿ ಆಮೇಲೆ ಸೋಪಿನ ನೀರು ಹಾಕಬೇಕಿತ್ತು. ಬೀರುವಿನಂಥ ನುಣುಪಾದ ಮೈಯಲ್ಲಿ, ಗಾಜಿನಲ್ಲಿ ಬೆರಳಚ್ಚು ಚೆನ್ನಾಗಿ ಸಿಗುತ್ತದೆ. ಒರಟು ಮರದಲ್ಲಿ, ಹಂಚಿನಲ್ಲಿ ಸಿಗುವುದು ಕಷ್ಟ. 1897ರಲ್ಲಿ ಕೋಲ್ಕತ್ತದಲ್ಲಿ ಬೆರಳಚ್ಚು ಕಚೇರಿ ಆರಂಭವಾದಾಗಿನಿಂದ ಈ ವಿದ್ಯೆ ನಮ್ಮ ದೇಶದ ಠಾಣೆಗಳಿಗೆ ಹೊಸತಲ್ಲ. ಹೊಸತಾಗಿರುವುದು ಮನೆಯವರಿಗೆ. ಬಾಗಿಲು ಮುರಿದದ್ದು ಕಂಡ ಕೂಡಲೇ ಒಳಗೆ ಓಡಿ, ಎಲ್ಲವನ್ನೂ ಮುಟ್ಟಿ, ಎತ್ತಿ, ಜೋಡಿಸಿಬಿಡುತ್ತೇವೆ. ಇವರೂ ಅರ್ಧ ಕೋಣೆ ಜೋಡಿಸಿದ ಮೇಲೆಯೇ 112ಕ್ಕೆ ಫೋನು ಮಾಡಿದ್ದು. ಒಳಗೆ ಯಾರಾದರೂ ಇನ್ನೂ ಅಡಗಿದ್ದರೆ ಎಂಬ ಯೋಚನೆ ಆಗ ಇಬ್ಬರಿಗೂ ಬಂದಿರಲಿಲ್ಲ. ಅದನ್ನು ಹೇಳುವಾಗ ಯಜಮಾನರು ಹೆಂಡತಿಯ ಮುಖ ನೋಡಿದರು.

ಮೊದಲ ರಾತ್ರಿ ಹೇಗೆ ಕಳೆದಿರಿ ಎಂದು ಕೇಳಿದೆ. ಭಾನುವಾರ, ಬಡಗಿ ಸಿಗಲಿಲ್ಲ. ಬೆರಳಚ್ಚಿನವರು ಬಂದು ಹೋಗುವವರೆಗೆ ಬಾಗಿಲು ಮುಟ್ಟುವ ಹಾಗಿರಲಿಲ್ಲ. ಅವರು ಹೋದಾಗ ಸಂಜೆಯಾಗಿತ್ತು. ಪಕ್ಕದ ಮನೆಯ ಹುಡುಗ ಎರಡು ಹಲಗೆ ತಂದು ಒಳಗಿನಿಂದ ಅಡ್ಡ ಹೊಡೆದ, ಅದಕ್ಕೆ ಒತ್ತಿ ಅಕ್ಕಿಯ ಡ್ರಮ್ಮು ಇಟ್ಟರು. ಹಲಗೆ ಹೊಡೆಯುವ ಮೊದಲು ಅದೇ ಹುಡುಗ ಮುರಿದ ಬಾಗಿಲನ್ನು ಎಲ್ಲ ಕಡೆಯಿಂದ ಮೊಬೈಲಿನಲ್ಲಿ ಫೋಟೊ ತೆಗೆದಿದ್ದ. ಅದು ಬುದ್ಧಿವಂತಿಕೆ. ಒಮ್ಮೆ ರಿಪೇರಿಯಾದರೆ ಠಾಣೆಗಾಗಲಿ ವಿಮೆಯವರಿಗಾಗಲಿ ತೋರಿಸಲು ಬೇರೇನೂ ಉಳಿಯುವುದಿಲ್ಲ.

ವಿಮೆಯ ವಿಷಯದಲ್ಲಿ ಇವರಿಗೆ ನಿರಾಸೆಯಾಗಿದೆ. ಮಗ ಮಾಡಿಸಿದ್ದು ಭಾರತ್ ಗೃಹ ರಕ್ಷಾ ಪಾಲಿಸಿ, 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಒಂದೇ ಮಾದರಿಯಲ್ಲಿ ಕೊಡುವಂಥದ್ದು. ಬೆಂಕಿ, ಪ್ರವಾಹ, ಭೂಕಂಪದಂಥ ಅನಾಹುತಕ್ಕೆ ಅದು ಒದಗುತ್ತದೆ. ಕಳ್ಳತನದ ಮಾತು ಅದರಲ್ಲಿ ಇದೆ, ಆದರೆ ಅಂಥ ಅನಾಹುತದ ಕಾರಣದಿಂದ 7 ದಿನದೊಳಗೆ ಆದ ಕಳ್ಳತನಕ್ಕೆ ಮಾತ್ರ. ಮನೆ ಒಡೆದು ಕದ್ದರೆ ಅದಕ್ಕೆ ಬೇರೆಯೇ ವಿಮೆ ಬೇಕು. ಪಾಲಿಸಿಯ ಕಾಗದವನ್ನು ಯಾರೂ ಪೂರ್ತಿ ಓದಿರಲಿಲ್ಲ. ಎಫ್‌ಐಆರ್‌ನ ಪ್ರತಿ ದೂರು ಕೊಟ್ಟವರಿಗೆ ಉಚಿತವಾಗಿ ಸಿಗಬೇಕು, ಇವರಿಗೆ ಸಿಕ್ಕಿದೆ. ಒಡವೆಯ ರಸೀದಿಯಾಗಲಿ ಫೋಟೊವಾಗಲಿ ಇರಲಿಲ್ಲ. ಕೊನೆಗೆ ಮಗಳ ಮದುವೆಯ ಆಲ್ಬಮ್ಮು ತೆಗೆದು, ಅವಳ ಕೊರಳಲ್ಲಿ ಕಂಡ ಸರ, ಕೈಯ ಬಳೆಗಳ ಚಿತ್ರ ಕೊಟ್ಟರಂತೆ.

ದೇವರ ಕೋಣೆಯಲ್ಲಿ ಬೆಳ್ಳಿ ದೀಪ ಇದ್ದ ಕಡೆ ಈಗ ಹಿತ್ತಾಳೆಯದು ಉರಿಯುತ್ತಿದೆ. ಅಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ.

ನಡುಮನೆಯ ಮೇಲೆ ಹಂಚು. ತಲೆಯೆತ್ತಿ ನೋಡಿದರೆ ಮೂರು ಹಂಚುಗಳ ಬಣ್ಣ ಬೇರೆ. ಅಲ್ಲಿದ್ದ ಹಳೆಯ ಹಂಚು ಕಳ್ಳತನ ತಿಳಿದ ಬೆಳಿಗ್ಗೆಯೇ ಜರುಗಿದ್ದು ಕಂಡಿತ್ತಂತೆ. ಸರಿಸಿದ್ದು ಬಂದವರೋ, ಈ ಬೀದಿಯಲ್ಲಿ ಓಡಾಡುವ ಕೋತಿಗಳೋ, ನೋಡಿದರೆ ತಿಳಿಯುವಂತಿಲ್ಲ. ಹಿತ್ತಲಲ್ಲಿ ಏಣಿಯೊಂದು ಬಿದ್ದಿತ್ತು ಎಂಬುದಂತೂ ನಿಜ. ಮಂಗಳೂರಿನಲ್ಲಿ 1865ರಲ್ಲಿ ಮೊದಲ ಹಂಚಿನ ಕಾರ್ಖಾನೆ ಶುರುವಾಯಿತು. ಒಂದರ ಅಂಚು ಇನ್ನೊಂದಕ್ಕೆ ಸಿಕ್ಕಿಕೊಂಡು ಕೂರುವಂತೆ ಮಾಡಿದ ಹಂಚು ಅದು. ಆದರೆ ಒಂದು ಕಾರ್ಖಾನೆಯ ಹಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ. ಕೆಡವಿದ ಮನೆಗಳ ಸಾಮಾನು ಮಾರುವ ಕಡೆ ಹುಡುಕಿ ಹೊಂದುವ ಮೂರು ಹಂಚು ತಂದಿದ್ದಾರೆ. ಕೆಳಗಡೆ ರೀಪುಗಳಿಗೆ ಅಡ್ಡಲಾಗಿ ಕಬ್ಬಿಣದ ಜಾಲರಿ ಬಿಗಿದಿದ್ದಾರೆ.

ವೆಲ್ಡಿಂಗಿನವರು ಜಗಲಿಗೂ, ನಡುಮನೆಯ ಕಿಟಕಿಗೂ, ಹಿತ್ತಲಿಗೂ ಗ್ರಿಲ್ಲು ಹಾಕಿಬಿಡೋಣ ಎಂದು ಲೆಕ್ಕ ಕೊಟ್ಟಿದ್ದಾರೆ. ಹೆದರಿದ ಮನೆಯವರು ಇಂಥ ಹೊತ್ತಿನಲ್ಲಿ ಎಲ್ಲದಕ್ಕೂ ಹೂಂ ಎನ್ನುತ್ತಾರೆ. ನಾನು ಬೇಡ ಎಂದೆ. ಎಪ್ಪತ್ತು ದಾಟಿದ ಇಬ್ಬರೇ ಇರುವ ಮನೆ. ರಾತ್ರಿ ಗ್ಯಾಸು ಸೋರಿ ಬೆಂಕಿ ಹೊತ್ತಿಕೊಂಡರೆ ಎಷ್ಟು ಬೀಗ ತೆಗೆದು ಹೊರಗೆ ಬರುವುದು? ಒಂದು ಕಿಟಕಿಯ ಗ್ರಿಲ್ಲಾದರೂ ಒಳಗಿನಿಂದ ತೆರೆಯುವಂತಿರಲಿ, ಅದರ ಬೀಗದಕೈ ಒಳಗಡೆ ಕತ್ತಲಲ್ಲೂ ಕೈಗೆ ಸಿಗುವ, ಹೊರಗಿನಿಂದ ಕೈ ಎಟುಕದ ಜಾಗದಲ್ಲಿರಲಿ. ಯಜಮಾನರು ಒಪ್ಪಿದರು. ಅಮ್ಮ ಒಪ್ಪಿದರೋ ಇಲ್ಲವೋ, ಅವರ ಮುಖದಿಂದ ಗೊತ್ತಾಗಲಿಲ್ಲ. ಅವರು ಈಗಲೂ ದೀಪ ಹಾಕಿಕೊಂಡೇ ಮಲಗುತ್ತಾರಂತೆ.

ಮತ್ತೆ ಹಿತ್ತಲಿಗೆ ಬಂದೆ. ಏಣಿಯನ್ನು ನುಗ್ಗೆ ಮರಕ್ಕೆ ಸರಪಳಿ ಹಾಕಿ ಬೀಗ ಹಾಕಿದ್ದಾರೆ. ಬಚ್ಚಲ ಗೋಡೆಯ ಮೇಲೆ ಯಾರಾದರೂ ನಡೆದರೆ ತಾನೇ ಹೊತ್ತಿಕೊಳ್ಳುವ ದೀಪ ಬಂದಿದೆ. ಊರಿಗೆ ಹೋದಾಗ ಹಾಲು, ಪತ್ರಿಕೆ ಎತ್ತಿಟ್ಟುಕೊಳ್ಳಲು ಪಕ್ಕದ ಮನೆಯವರು ಒಪ್ಪಿದ್ದಾರೆ. ಆಚಾರ್ರು ಹೊಸ ಬಾಗಿಲನ್ನು ಮುಚ್ಚಿ, ಬೋಲ್ಟು ಹಾಕಿ, ನನ್ನನ್ನು ಹೊರಗೆ ನಿಲ್ಲಿಸಿ ತಳ್ಳಲು ಹೇಳಿದರು. ಭುಜ ಕೊಟ್ಟು ಜೋರಾಗಿಯೇ ತಳ್ಳಿದೆ. ಬಾಗಿಲು ಅಲುಗಲಿಲ್ಲ.

ಆ ಸಂಜೆ ನಮ್ಮ ಮನೆಗೆ ಬಂದು ಹಿತ್ತಲ ಬಾಗಿಲಿನ ಬೋಲ್ಟಿನಿಂದ ಒಂದು ಸ್ಕ್ರೂ ಬಿಚ್ಚಿ ಸ್ಕೇಲಿನ ಪಕ್ಕ ಇಟ್ಟೆ. ಅರ್ಧ ಇಂಚು. ನೀವೂ ಇವತ್ತು ಒಂದನ್ನು ಬಿಚ್ಚಿ ಅಳೆದು ನೋಡಿ.