ಶಿಶುವಿನ ಕಣ್ಣಿಗೆ ಟೆಲಿಮೆಡಿಸಿನ್

ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಕ್ಷಿಪಟಲದಲ್ಲಿ (ರೆಟಿನಾ) ರಕ್ತನಾಳಗಳು ಪೂರ್ಣವಾಗಿ ಬೆಳೆದಿರುವುದಿಲ್ಲ. ಮುಂದೆ ಅವು ಅಡ್ಡಾದಿಡ್ಡಿಯಾಗಿ ಬೆಳೆದರೆ ಅಕ್ಷಿಪಟಲ ಕಳಚಿ ಮಗು ಕುರುಡಾಗಬಹುದು. ಸಕಾಲದ ಲೇಸರ್ ಚಿಕಿತ್ಸೆ ಇದನ್ನು ತಡೆಯಬಲ್ಲದು. ಆದರೆ ಜಿಲ್ಲೆಗಳಲ್ಲಿ ಇದರ ತಜ್ಞರು ವಿರಳ.

ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ 'ಕಿಡ್‌ರಾಪ್' ಯೋಜನೆಯಲ್ಲಿ ತರಬೇತಾದ ತಂತ್ರಜ್ಞರು ಕ್ಯಾಮೆರಾದೊಂದಿಗೆ ಊರೂರಿನ ಶಿಶು ಘಟಕಗಳಿಗೆ ಹೋಗಿ, ಕಣ್ಣಿನ ಚಿತ್ರ ತೆಗೆದು ಅಂತರಜಾಲದ ಮೂಲಕ ತಜ್ಞರಿಗೆ ಕಳಿಸುತ್ತಾರೆ.

ನೇರ ಸಂಭಾಷಣೆಗೆ ಎಡೆಬಿಡದ ಸಂಪರ್ಕ ಬೇಕು, ಸ್ಥಿರಚಿತ್ರಕ್ಕೆ ಬೇಡ. ಸಂಪರ್ಕ ಕಡಿದರೆ ಚಿತ್ರ ಕಾದಿದ್ದು ಬಳಿಕ ಹೊರಡುತ್ತದೆ. ಆದ್ದರಿಂದಲೇ ಈ 'ಸಂಗ್ರಹಿಸಿ ರವಾನಿಸುವ' ವಿಧಾನ ಯುದ್ಧಪೀಡಿತ ನಾಡುಗಳಿಗೂ ಒಗ್ಗುತ್ತದೆ. 'ಗಡಿಗಳಿಲ್ಲದ ವೈದ್ಯರು' ಸಂಸ್ಥೆ 2010ರಲ್ಲಿ ಇಂಥ ಸೇವೆ ಆರಂಭಿಸಿತು.

ಆದರೆ ಚಿತ್ರ ರೋಗವನ್ನು ಗುರುತಿಸುತ್ತದೆಯೇ ಹೊರತು ಗುಣಪಡಿಸದು. ಕೆಲವೇ ದಿನಗಳೊಳಗೆ ಲೇಸರ್ ಮಗುವಿಗೆ ದೊರೆಯಲೇಬೇಕು.