ಕುಡಿಯುವ ನೀರಿನ ಖರ್ಚು: ಲೆಕ್ಕ ಬರೆಯುವವರು ಯಾರು?

ಕೊಳಾಯಿ ತಿರುಗಿಸಿದೊಡನೆ ಹಗಲು ರಾತ್ರಿ ನೀರು ಬರುವ ದೇಶದಲ್ಲಿ ನೆಲೆಸಿರುವ ನಮಗೆ, ಅದು ಯಾರ ಖರ್ಚಿನಲ್ಲಿ ಬರುತ್ತದೆಂದು ಯೋಚಿಸುವ ಪ್ರಸಂಗವೇ ಕಡಿಮೆ. ಬಾವಿಯಿಂದ ಸೇದಿದ ನೀರಿನ ಬೆಲೆ ತೋಳಿಗೆ ಗೊತ್ತಾಗುತ್ತಿತ್ತು. ಇಲ್ಲಿ ಆ ಬೆಲೆ ನೆಲದಡಿಯ ಕೊಳವೆಗಳಲ್ಲಿ ಅಡಗಿದೆ. ಅಮೆರಿಕದ ಹಳೆಯ ಊರುಗಳಲ್ಲಿ ಈ ಕೊಳವೆಗಳೂ ಬಹಳ ಹಳೆಯವು. ಅವುಗಳ ದುರಸ್ತಿಗೆ ಎಷ್ಟು ಹಣ ಬೇಕು, ಯಾವ ಊರಿಗೆ ಮೊದಲು ಬೇಕು ಎಂಬುದನ್ನು ಹೇಗೆ ನಿರ್ಧರಿಸುತ್ತಾರೆಂದು ಸದಸ್ಯ ಬಾಂಧವರಿಗೆ ತಿಳಿಸುವುದೇ ಈ ಲೇಖನದ ಉದ್ದೇಶ.

1996 ರಲ್ಲಿ ಸುರಕ್ಷಿತ ಕುಡಿಯುವ ನೀರಿನ ಶಾಸನಕ್ಕೆ ತಿದ್ದುಪಡಿಯಾಗಿ, ರಾಜ್ಯಗಳಿಗೆಲ್ಲ ಒಂದೊಂದು ಆವರ್ತ ನಿಧಿ ಬಂದಿತು. ಕೇಂದ್ರ ಸರಕಾರ ಕೊಟ್ಟ ಹಣಕ್ಕೆ ರಾಜ್ಯವು ತನ್ನ ಪಾಲು ಸೇರಿಸಿ, ಊರುಗಳಿಗೆ ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. ಸಾಲ ತೀರಿದಂತೆ ಅದೇ ಹಣ ಮತ್ತೊಂದು ಊರಿಗೆ ಹೋಗುತ್ತದೆ. ನಮ್ಮ ಕಡೆಯ ಸಹಕಾರ ಸಂಘಗಳನ್ನು ಬಲ್ಲವರಿಗೆ ಇದು ಹೊಸತೇನಲ್ಲ.

ಯಾವ ರಾಜ್ಯಕ್ಕೆ ಎಷ್ಟು ಹಣ? ಇದನ್ನು ನಿರ್ಧರಿಸಲು ಇ.ಪಿ.ಎ. ಎಂಬ ಪರಿಸರ ಸಂರಕ್ಷಣಾ ಸಂಸ್ಥೆಯು 4 ವರ್ಷಕ್ಕೊಮ್ಮೆ ಸಮೀಕ್ಷೆ ನಡೆಸಬೇಕೆಂದು ಶಾಸನವೇ ಹೇಳುತ್ತದೆ. 2023 ರಲ್ಲಿ ಹೊರಬಂದ 7 ನೆಯ ಸಮೀಕ್ಷೆಯ ಪ್ರಕಾರ ದೇಶಕ್ಕೆ 20 ವರ್ಷಗಳಲ್ಲಿ ಬೇಕಾದದ್ದು 62,500 ಕೋಟಿ ಡಾಲರು. ಇದರಲ್ಲಿ ಮೂರರಲ್ಲಿ ಎರಡು ಪಾಲು ನೀರು ಶುದ್ಧಿ ಮಾಡುವುದಕ್ಕಲ್ಲ, ಅದನ್ನು ಮನೆಗೆ ತಲುಪಿಸುವ ಕೊಳವೆಗಳಿಗೆ!

ಸಮೀಕ್ಷೆಯ ಅಂಕಿಗಳು ಆಕಾಶದಿಂದ ಇಳಿಯುವುದಿಲ್ಲ. ಊರಿನ ನೀರು ಸರಬರಾಜಿನವರು ಯಾವ ಕೊಳವೆ ಕೆಟ್ಟಿದೆ, ಯಾವ ತೊಟ್ಟಿ ಸೋರುತ್ತಿದೆ ಎಂದು ಕಾಗದದ ಮೇಲೆ ತೋರಿಸಿಕೊಡಬೇಕು. ದೊಡ್ಡ ನಗರಗಳಲ್ಲಿ ಇದಕ್ಕೆಂದೇ ಎಂಜಿನಿಯರುಗಳಿದ್ದಾರೆ. 3,300 ಜನಕ್ಕಿಂತ ಸಣ್ಣ ಊರುಗಳಲ್ಲಿ ಕೆಲವನ್ನು ಮಾತ್ರ ಮಾದರಿಗೆ ಆರಿಸಿ, ಉಳಿದವುಗಳಿಗೆ ಅಂದಾಜು ಕಟ್ಟುತ್ತಾರೆ. ಹಣ ರಾಜ್ಯಕ್ಕೆ ಬಂದ ಮೇಲೂ ಊರಿನವರು ಅರ್ಜಿ ಹಾಕದೆ ಅದು ಕೈಸೇರದು. ಅಳದಿದ್ದರೆ ಹೆತ್ತ ತಾಯಿಯೂ ಹಾಲು ಕೊಡಳು ಎಂಬ ನಮ್ಮ ಗಾದೆ ಇಲ್ಲಿಗೂ ಸಲ್ಲುತ್ತದೆ.

ಸಣ್ಣ ಊರಿಗೆ ಇನ್ನೊಂದು ಕಷ್ಟವಿದೆ. 20 ಲಕ್ಷ ಡಾಲರಿನ ಒಂದು ಕಾಮಗಾರಿ ಎಂದಿಟ್ಟುಕೊಳ್ಳೋಣ. ಲಕ್ಷ ಮನೆಗಳ ನಗರದಲ್ಲಿ ಮನೆಗೆ 20 ಡಾಲರು ಬೀಳುತ್ತದೆ. 200 ಮನೆಗಳ ಊರಿನಲ್ಲಿ 10,000 ಡಾಲರು! ಹೀಗಾಗಿಯೇ ನಿಧಿಯ ಶೇಕಡ 15 ರಷ್ಟನ್ನು 10,000 ಕ್ಕಿಂತ ಕಡಿಮೆ ಜನರಿರುವ ವ್ಯವಸ್ಥೆಗಳಿಗೆ ಕೊಡಬೇಕೆಂದು ಶಾಸನ ಹೇಳುತ್ತದೆ. ಬಡ ಊರುಗಳಿಗೆ ಸಾಲದ ಭಾಗವನ್ನು ಮನ್ನಾ ಮಾಡಲೂ ಅವಕಾಶವಿದೆ.

ಬಾಯಾರಿದ ಮೇಲೆ ಬಾವಿ ತೋಡಿದರೆ ಏನಾಗುತ್ತದೆಂಬುದಕ್ಕೆ ಮಿಷಿಗನ್ನಿನ ಫ್ಲಿಂಟ್ ನಗರವೇ ಸಾಕ್ಷಿ. 2014 ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ಡೆಟ್ರಾಯಿಟಿನ ನೀರನ್ನು ಬಿಟ್ಟು ಫ್ಲಿಂಟ್ ನದಿಯ ನೀರನ್ನು ಹರಿಸಿದರು. ಸೀಸದ ಕೊಳವೆಯ ಒಳಗೋಡೆಗೆ ತೆಳುವಾದ ಒಂದು ಲವಣದ ಪೊರೆ ಅಂಟಿರುತ್ತದೆ. ನೀರಿಗೆ ಬೆರೆಸುವ ಫಾಸ್ಫೇಟು ಅದನ್ನು ಕಾಪಾಡುತ್ತದೆ. ನದಿಯ ನೀರಿನಲ್ಲಿ ಕ್ಲೋರೈಡು ಹೆಚ್ಚು, ಫಾಸ್ಫೇಟನ್ನೂ ಬೆರೆಸಲಿಲ್ಲ. ಪೊರೆ ಕಳಚಿತು, ಸೀಸ ಮಕ್ಕಳ ಲೋಟಕ್ಕೆ ಬಂತು. 2015 ರ ಅಕ್ಟೋಬರಿನಲ್ಲಿ ಮತ್ತೆ ಹಳೆಯ ನೀರಿಗೆ ಮರಳಿದರೂ ಕೊಳವೆಗಳನ್ನು ಅಗೆದು ಬದಲಿಸುವ ಕೆಲಸ ವರ್ಷಗಟ್ಟಲೆ ನಡೆಯಿತು. ಉಳಿಸಹೊರಟ ಹಣದ ಅನೇಕ ಪಟ್ಟು ಖರ್ಚಾಯಿತು.

2021 ರ ಕಾಯಿದೆಯೊಂದು ಸೀಸದ ಕೊಳವೆಗಳನ್ನು ತೆಗೆಯಲೆಂದೇ 5 ವರ್ಷಗಳಿಗೆ 1,500 ಕೋಟಿ ಡಾಲರು ಮೀಸಲಿಟ್ಟಿತು. ಆದರೆ ಅಂಥ ಕೊಳವೆಗಳು ಎಲ್ಲಿವೆ? 2024 ರ ಅಕ್ಟೋಬರ್ 16 ರೊಳಗೆ ಪ್ರತಿ ಊರೂ ಪಟ್ಟಿ ಸಿದ್ಧಪಡಿಸಬೇಕಾಯಿತು. ಹಳೆಯ ದಾಖಲೆ ಸಿಗದ ಕಡೆ 'ಗೊತ್ತಿಲ್ಲ' ಎಂದು ಬರೆದರು. ಗೊತ್ತಿಲ್ಲದ ಕೊಳವೆಗೆ ಲೆಕ್ಕವಿಲ್ಲ. ಲೆಕ್ಕವಿಲ್ಲದ ಕಡೆಗೆ ಹಣವೂ ಬೇಗ ಬಾರದು.

ಇಲ್ಲಿ ನಾವು ಮಾಡಬಹುದಾದ ಕೆಲಸವಿದೆ. 1986 ಕ್ಕಿಂತ ಮೊದಲು ಕಟ್ಟಿದ ಮನೆಯಾದರೆ, ಬೇಸ್‌ಮೆಂಟಿನಲ್ಲಿ ನೀರಿನ ಕೊಳವೆ ಒಳಬರುವ ಜಾಗವನ್ನು ನಾಣ್ಯದಿಂದ ಮೆಲ್ಲಗೆ ಕೆರೆದು ನೋಡಿ. ಮೆತ್ತಗಿದ್ದು ಬೆಳ್ಳಿಯಂತೆ ಹೊಳೆದು, ಅಯಸ್ಕಾಂತ ಅಂಟದಿದ್ದರೆ ಸೀಸವೆಂದು ಶಂಕಿಸಬೇಕು. ಅಯಸ್ಕಾಂತ ಅಂಟಿದರೆ ಉಕ್ಕು, ಕೆಂಪಗಿದ್ದರೆ ತಾಮ್ರ. ಕಂಡದ್ದನ್ನು ನೀರಿನ ಕಚೇರಿಗೆ ತಿಳಿಸಿ, ಪಟ್ಟಿಗೆ ಸೇರಿಸಿರಿ. ನಮ್ಮ ಮನೆಗಳಲ್ಲಿ ನೀರು ಕಾಯಿಸಿ ಆರಿಸಿ ಕುಡಿಯುವ ಪದ್ಧತಿಯುಂಟು. ಅದರಿಂದ ರೋಗಾಣು ಸಾಯುತ್ತವೆ, ಸೀಸ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಸೀಸದ ಪ್ರಮಾಣ ಏರುತ್ತದೆ. ಅಡಿಗೆಗೆ ಬಿಸಿನೀರಿನ ನಲ್ಲಿಯನ್ನೂ ಬಳಸಬೇಡಿ.

ನಿಧಿಯನ್ನು ಹೇಗೆ ಖರ್ಚು ಮಾಡುವೆವೆಂಬ ಯೋಜನೆಯನ್ನು ಪ್ರತಿ ರಾಜ್ಯವೂ ವರ್ಷ ವರ್ಷ ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಬೇಕು. ಅದನ್ನು ಓದುವವರೇ ವಿರಳ. ನಮ್ಮ ಸಂಘದಲ್ಲಿ ಎಂಜಿನಿಯರುಗಳಿದ್ದಾರೆ, ಲೆಕ್ಕಪತ್ರ ಬಲ್ಲವರಿದ್ದಾರೆ, ವೈದ್ಯರಿದ್ದಾರೆ. ತಮ್ಮ ಊರಿನ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ನೋಡಿ, ಇಲ್ಲವಾದರೆ ನಗರಸಭೆಯನ್ನು ವಿಚಾರಿಸಬೇಕೆಂದು ಎಲ್ಲರಲ್ಲಿ ನನ್ನ ವಿನಂತಿ. ಈ ನೆಲದ ನೀರು ಕುಡಿಯುತ್ತಿರುವ ನಮಗೆ ಅದರ ಚಿಂತೆಯೂ ಸೇರಿದ್ದೇ.