ಕುಡುಗೋಲು ಕಣದೊಳಗಿನ ಕಡಿವಾಣ

ಮಲೆ ಮಹದೇಶ್ವರ ಬೆಟ್ಟ ದಾಟಿ ಮೆಟ್ಟೂರಿನ ಕಡೆಗೆ ಘಾಟಿ ಇಳಿದರೆ ಸಿಗುವುದು ಪಾಲಾರ್. ಆಚೆಗೆ ತಮಿಳುನಾಡು, ಈಚೆಯ ಕಾಡಿನಲ್ಲಿ ಸೋಲಿಗ ಬುಡಕಟ್ಟಿನವರ ಪೋಡುಗಳು, ಅಂದರೆ ಹಾಡಿಗಳು. ಇಲ್ಲಿಂದ ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದವರೆಗೆ ನೆಲೆಸಿರುವ ಸೋಲಿಗರಲ್ಲಿ ಕೆಲವು ಮನೆಗಳಿಗೆ ಒಂದು ನೋವು ಹೆತ್ತವರಿಂದಲೇ ಬರುತ್ತದೆ. ಕೀಲು ಹಿಡಿಯುತ್ತದೆ, ಬೆನ್ನು ಸೀಳಿದಂತಾಗುತ್ತದೆ, ಕಣ್ಣು ಹಳದಿಗೆ ತಿರುಗುತ್ತದೆ, ಮಕ್ಕಳು ಸೊರಗುತ್ತಾರೆ. ವೈದ್ಯರು ಇದನ್ನು ಸಿಕಲ್ ಸೆಲ್ ಅನೀಮಿಯಾ ಎನ್ನುತ್ತಾರೆ.

ಈ ರೋಗ ವೈದ್ಯಕೀಯ ಸಾಹಿತ್ಯ ಸೇರಿದ್ದು 1910ರಲ್ಲಿ. ಗ್ರೆನಡಾ ದ್ವೀಪದಿಂದ ಷಿಕಾಗೋಗೆ ದಂತವೈದ್ಯಕೀಯ ಓದಲು ಬಂದಿದ್ದ ಯುವಕನೊಬ್ಬನ ರಕ್ತದಲ್ಲಿ ಕುಡುಗೋಲಿನಂತೆ ಬಾಗಿದ ಕಣಗಳಿದ್ದವೆಂದು ಜೇಮ್ಸ್ ಹೆರಿಕ್ ವರದಿ ಮಾಡಿದರು. ದೋಷವಿರುವುದು ಹಿಮೋಗ್ಲೋಬಿನ್ನಿನಲ್ಲೇ ಎಂದು 1949ರಲ್ಲಿ ಲೈನಸ್ ಪಾಲಿಂಗ್ ತೋರಿಸಿದರು. ಬೀಟಾ ಸರಪಳಿಯ ಆರನೆಯ ಜಾಗದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿದೆ, ಅಷ್ಟೇ! ಭಾರತದಲ್ಲಿ ಇದು ಮೊದಲು ಕಂಡದ್ದು ನಮ್ಮ ಪಕ್ಕದ ನೀಲಗಿರಿಯ ಬುಡಕಟ್ಟುಗಳಲ್ಲಿ, 1952ರಲ್ಲಿ. ಹುಡುಕಿದವರು ಲೇಮನ್ ಮತ್ತು ಕಟ್‌ಬುಷ್. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರಲ್ಲಿ ಈ ರೋಗದ ತಪಾಸಣೆ, ಆರೈಕೆಗೆ ಕೈಹಾಕಿತು.

ಆದರೆ ಒಂದು ಒಗಟು ಉಳಿದೇ ಇತ್ತು. ಜೀನಿನ ದೋಷ ಒಂದೇ, ಆದರೂ ಒಬ್ಬರು ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾರೆ, ಇನ್ನೊಬ್ಬರು ಜೇನು ಕೀಳಲು ಬೆಟ್ಟ ಹತ್ತುತ್ತಾರೆ. ಹೀಗೇಕೆ? ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ಹೆಚ್ಚು ಉಳಿದವರಿಗೆ ಕಾಟ ಕಡಿಮೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರದ ಎಳೆ ಸಿಕ್ಕಿದ್ದು, ವಿಚಿತ್ರವೆಂದರೆ, ಒಂದು ಹುಳದಲ್ಲಿ.

1993ರಲ್ಲಿ ವಿಕ್ಟರ್ ಆಂಬ್ರೋಸ್ ಒಂದು ಮಿಲಿಮೀಟರ್ ಉದ್ದದ ಹುಳದಲ್ಲಿ, 22 ಅಕ್ಷರಗಳಷ್ಟೇ ಉದ್ದದ ಆರ್‌ಎನ್‌ಎ ಒಂದನ್ನು ಗುರುತಿಸಿದರು. ಅದು ಪ್ರೋಟೀನ್ ಆಗುವುದಿಲ್ಲ. ಬೇರೆ ಆರ್‌ಎನ್‌ಎಗೆ ಅಂಟಿಕೊಂಡು ಅದರಿಂದ ಪ್ರೋಟೀನ್ ತಯಾರಾಗದಂತೆ ಕಡಿವಾಣ ಹಾಕುತ್ತದೆಂದು ಅವರೂ ಗ್ಯಾರಿ ರುವ್ಕುನ್ ಅವರೂ ತೋರಿಸಿದರು. ಮೊದಲು ಹುಳದ್ದೊಂದು ವಿಚಿತ್ರ ಎಂದು ಕಡೆಗಣಿಸಿದ್ದ ಈ ಮೈಕ್ರೋ ಆರ್‌ಎನ್‌ಎಗೆ 2024ರಲ್ಲಿ ನೊಬೆಲ್ ಬಂತು.

ಇದಕ್ಕೂ ಸಿಕಲ್ ಸೆಲ್ ರೋಗಕ್ಕೂ ಏನು ನಂಟು? ಬಲಿತ ಕೆಂಪು ರಕ್ತಕಣಕ್ಕೆ ನ್ಯೂಕ್ಲಿಯಸ್ ಇರುವುದಿಲ್ಲ, ಹೀಗಾಗಿ ಅಲ್ಲಿ ಆರ್‌ಎನ್‌ಎ ಮಾತೇ ಇಲ್ಲವೆಂದು ಬಹುಕಾಲ ನಂಬಿದ್ದರು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೆನ್-ತ್ಸಾನ್ ಚಿ ತಂಡ ಅದನ್ನು ಸುಳ್ಳಾಗಿಸಿತು. ಕುಡುಗೋಲು ಕಣ ಸದಾ ಒತ್ತಡದಲ್ಲಿರುತ್ತದೆ, ಆಮ್ಲಜನಕದ ಉರಿಗೆ ಸುಡುತ್ತಿರುತ್ತದೆ. ಇದನ್ನು ತಾಳಲು, ಕಣ ಬಲಿಯುವ ಮೊದಲೇ, ನ್ಯೂಕ್ಲಿಯಸ್ ಇರುವಾಗಲೇ, ಎನ್‌ಆರ್‌ಎಫ್2 ಎಂಬ ಪ್ರೋಟೀನ್ ರಕ್ಷಣೆಯ ಜೀನ್‌ಗಳನ್ನು ಎಬ್ಬಿಸಬೇಕು. ಮಿರ್-144 ಎಂಬ ಪುಟ್ಟ ಆರ್‌ಎನ್‌ಎ ಅದನ್ನೇ ತಡೆಯುತ್ತದೆ ಎಂದು ತಂಡ 2010ರಲ್ಲಿ ತೋರಿಸಿತು. ಅದು ಹೆಚ್ಚಿದ್ದ ರೋಗಿಗಳಲ್ಲಿ ರಕ್ತಹೀನತೆಯೂ ತೀವ್ರ.

ಇದು ಕಣದೊಳಗಿನ ಮಾತಾಯಿತು. ಹೊರಗೆ ಇನ್ನೊಂದು ನಡೆಯುತ್ತದೆ. ಒಡೆದ ಕಣದಿಂದ ಸೋರಿದ ಹೀಮ್ ರಕ್ತನಾಳದ ಒಳಗೋಡೆಯ ಟಿಎಲ್ಆರ್4 ಗ್ರಾಹಿಗೆ ತಾಗುತ್ತದೆ, ಎನ್‌ಎಫ್-ಕಪ್ಪಾ-ಬಿ ಎಚ್ಚರಗೊಂಡು ಉರಿಯೂತ ಹಬ್ಬುತ್ತದೆ. ಇದೇ ಎನ್‌ಎಫ್-ಕಪ್ಪಾ-ಬಿ ರೋಗನಿರೋಧಕ ಕಣಗಳಲ್ಲಿ ಮಿರ್-146 ಎಂಬ ಕಡಿವಾಣವನ್ನೂ ಹುಟ್ಟಿಸಿ, ತಾನೇ ಹಚ್ಚಿದ ಬೆಂಕಿಯನ್ನು ತಗ್ಗಿಸುತ್ತದೆ ಎಂದು ಡೇವಿಡ್ ಬಾಲ್ಟಿಮೋರ್ ಪ್ರಯೋಗಾಲಯ 2006ರಲ್ಲಿ ಕಂಡುಕೊಂಡಿತ್ತು. ಒಂದು ಕಡಿವಾಣ ರಕ್ಷಣೆಯನ್ನು ಕಟ್ಟಿಹಾಕುತ್ತದೆ, ಇನ್ನೊಂದು ಉರಿಯನ್ನು. ಆದ್ದರಿಂದ ಮೈಕ್ರೋ ಆರ್‌ಎನ್‌ಎ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೇ ಅರ್ಥವಿಲ್ಲ. ಚಿ ತಂಡವೇ 2012ರಲ್ಲಿ ಹೇಳಿದಂತೆ, ಕುಡುಗೋಲು ಕಣದ ಇಂಥ ಆರ್‌ಎನ್‌ಎಗಳು ಮಲೇರಿಯಾ ಪರಾವಲಂಬಿಯ ಒಳಹೊಕ್ಕು ಅದರ ಬೆಳವಣಿಗೆಯನ್ನೂ ಕುಗ್ಗಿಸುತ್ತವೆ. ಒಂದೇ ದೋಷಯುಕ್ತ ಜೀನ್ ಪಡೆದವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುವುದರ ಕಾರಣಗಳಲ್ಲಿ ಇದೂ ಒಂದು. ಮಲೇರಿಯಾ ಕಾಡಿದ ಸೀಮೆಗಳಲ್ಲೇ ಈ ಜೀನ್ ಉಳಿದು ಬಂದದ್ದು ಇಂಥ ರಕ್ಷಣೆಯ ಬಲದಿಂದ.

ಬಾಸ್ಟನ್ನಿನಲ್ಲಿ ಮೈಕ್ರೋ ಆರ್‌ಎನ್‌ಎಯ ಅಚ್ಚಿನಲ್ಲೇ ತಯಾರಿಸಿದ ಕಡಿವಾಣವನ್ನು ಜೀನ್ ಚಿಕಿತ್ಸೆಯಾಗಿ ಆರು ರೋಗಿಗಳಿಗೆ ಕೊಟ್ಟು, ಭ್ರೂಣದ ಹಿಮೋಗ್ಲೋಬಿನ್ನನ್ನು ಮತ್ತೆ ಹೆಚ್ಚಿಸಿದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಸಂತೋಷದ ವಿಷಯ. ಆದರೆ ಪೋಡಿಗೆ ಇಂದು ಬೇಕಿರುವುದು ಅದಲ್ಲ. ಅದೇ ಹಿಮೋಗ್ಲೋಬಿನ್ ಹೆಚ್ಚಿಸುವ ಹೈಡ್ರಾಕ್ಸಿಯೂರಿಯಾ ಮಾತ್ರೆ ತಪ್ಪದೆ ಸಿಗಬೇಕು, ಅದನ್ನು ತೆಗೆದುಕೊಳ್ಳುವವರ ರಕ್ತವನ್ನು ಆಗಾಗ ಪರೀಕ್ಷಿಸುವವರಿರಬೇಕು. ಚಳಿ, ಜ್ವರ, ನೀರಿಲ್ಲದ ದಣಿವು ನೋವನ್ನು ಕೆರಳಿಸುತ್ತವೆಂದು ಮನೆಯವರಿಗೆ ತಿಳಿದಿರಬೇಕು.

2023ರ ಜುಲೈ 1ರಂದು ಈ ರೋಗದ ವಿರುದ್ಧ ಶುರುವಾದ ರಾಷ್ಟ್ರೀಯ ಅಭಿಯಾನ ಕರ್ನಾಟಕವನ್ನೂ ಒಳಗೊಂಡಿದೆ. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ ಅದು ಆಗ ಇಟ್ಟುಕೊಂಡ ಗುರಿ. ಮೊದಲ ಪರೀಕ್ಷೆ ಬಲು ಸರಳ. ಬೆರಳ ತುದಿಯ ರಕ್ತವನ್ನು ಕೊಳವೆಯ ದ್ರಾವಣದಲ್ಲಿ ಬೆರೆಸಿ, ಹಿಂದೆ ಕಪ್ಪು ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಗೆರೆ ಕಂಡರೆ ಚಿಂತೆಯಿಲ್ಲ. ದ್ರಾವಣ ಕದಡಿ ಗೆರೆ ಮರೆಯಾದರೆ ರೋಗವೋ ಬರೀ ವಾಹಕವೋ ತಿಳಿಯಲು ಇನ್ನೊಂದು ಪರೀಕ್ಷೆ ಬೇಕು. ವಾಹಕರು ರೋಗಿಗಳಲ್ಲ; ಗಂಡ-ಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲೊಂದು.

ಕಬ್ಬಿಣಾಂಶದ ಮಾತ್ರೆ ನುಂಗಿಯೂ ರಕ್ತ ಏರದ, ಪದೇ ಪದೇ ಮೂಳೆ ನೋವೆಂದು ಅಳುವ ಮಗು ನಿಮ್ಮ ಸುತ್ತಲಿದ್ದರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆಯನ್ನು ಕೇಳಿ ಮಾಡಿಸಿ.